ಕೊನೆಯ ಕ್ಲಿಪ್ ಮೊದಲು

"ಅದನ್ನ ಕೀಳಬೇಡ," ಎನ್ನುತ್ತ ಅವಳು ಓಡಿಬಂದು ಮೈದುನನ ಕೈ ಹಿಡಿದಳು. ಹೆಣವಿಟ್ಟ ಪೆಟ್ಟಿಗೆಯನ್ನು ತಂಪಾಗಿಡಲು ಕರೆಂಟ್ ಬೇಕಿತ್ತು. ನಡುಮನೆಯಲ್ಲಿದ್ದ ಒಂದೇ ಪ್ಲಗ್ಗಿನಲ್ಲಿ ಕಂಪ್ಯೂಟರ್ ಓಡುತ್ತಿತ್ತು.

"ಅತ್ತಿಗೆ, ಅಣ್ಣ ಸೆಕೆಯಲ್ಲಿ ಮಲಗಿದಾನೆ."

"ಅಡುಗೆಮನೆಯಿಂದ ವೈರ್ ಎಳಿ. ಕ್ಯಾಮೆರಾ ಕಾರ್ಡ್ ಕಂಪ್ಯೂಟರಿಗೆ ಇಳೀತಾ ಇದೆ."

ಗೋಡೆಗೊರಗಿದ್ದ ದೊಡ್ಡಮ್ಮ ಎಲ್ಲರಿಗೂ ಕೇಳುವಂತೆ ಗೊಣಗಿದರು: "ಗಂಡನ ಹೆಣ ಮುಂದಿದೆ, ಇವಳಿಗೆ ಯಾರದೋ ಮದುವೆ ಚಿಂತೆ."

ಆಡುವವರ ಬಾಯಿಗೆ ಬೀಗ ಹಾಕಲಾದೀತೆ? ನಿನ್ನೆ ಮದುವೆಯ ಶೂಟಿಂಗಿನಲ್ಲಿ ಗಂಡ ಕುಸಿದಾಗ ಕ್ಯಾಮೆರಾವೂ ಜೊತೆಗೇ ಬಿದ್ದಿತ್ತು. ಸತಾಯಿಸಿ ಸತಾಯಿಸಿ ಅದರ ಕಾರ್ಡು ಈಗಷ್ಟೇ ತೆರೆದುಕೊಂಡಿತ್ತು, ಇನ್ನೊಮ್ಮೆ ತೆರೆಯುವ ನಂಬಿಕೆಯಿರಲಿಲ್ಲ. ಅವಳಿಗೆ ಬೇಕಿದ್ದದ್ದು ಮದುವೆಯಲ್ಲ. ಗಂಡನ ಕೊನೆಗಳಿಗೆ ಹೇಗಿತ್ತೆಂದು ತಿಳಿಯಬೇಕಿತ್ತು.

ಮದುವೆಗಳಲ್ಲಿ ಅಣ್ಣನಿಗೆ ಲೈಟ್ ಹಿಡಿಯುತ್ತಿದ್ದ ಮೈದುನ ಬೆಳಗಿನಿಂದ ಹೇಳಿದ್ದನ್ನೇ ಹೇಳಿದ: "ಪಕ್ಕದಲ್ಲೇ ಇದ್ದೆ ಅತ್ತಿಗೆ. ಬಿದ್ದ, ಹೋದ. ಒಂಚೂರೂ ನರಳಲಿಲ್ಲ. ಆ ಕೊನೇ ಕ್ಲಿಪ್ ಮಾತ್ರ ಅಳಿಸಿಬಿಡಿ, ನೋಡಬೇಡಿ."

*

ಗಂಡ ಶೂಟ್ ಮಾಡುತ್ತಿದ್ದ, ಅವಳು ಎಡಿಟ್ ಮಾಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಸಿನಿಮಾಕ್ಕೆ ಕರೆದೊಯ್ಯುವ ಬದಲು ಮಹಾರಾಯ ಫೈಲ್ ಇಳಿಸುವುದನ್ನು ಕಲಿಸಲು ಕೂತಿದ್ದ.

"ಕಟ್ ಮಾಡಬೇಡ, ಕಾಪಿ ಮಾಡು. ಕಟ್ ಮಾಡೋವಾಗ ಕರೆಂಟ್ ಹೋದ್ರೆ ತ್ರಿಶಂಕು, ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಎರಡು ಡಿಸ್ಕಿಗೆ ಇಳಿಸು. ಆಮೇಲೆ ಕೊನೇ ಕ್ಲಿಪ್ ಮೊದಲು ನೋಡು, ಪೂರ್ತಿ ನೋಡು. ಅಲ್ಲೀತನಕ ಕಾರ್ಡ್ ಅಳಿಸೋ ಹಾಗಿಲ್ಲ."

"ಯಾಕೆ ಕೊನೇದೇ ಮೊದಲು?"

"ಬಟ್ಟೆ ಹರಿಯೋದು ಅಂಚಲ್ಲೇ ಕಣೇ."

ಇನ್ಯಾವುದರಲ್ಲೂ ಅವನಿಗೆ ಅಷ್ಟು ಜಾಗ್ರತೆ ಇರಲಿಲ್ಲ. ಎದೆನೋವು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತಿದ್ದ. ಆ ಸಿಟ್ಟು ಅವಳಿಗೆ ಇವತ್ತೂ ಇಳಿದಿರಲಿಲ್ಲ.

*

ಹೊರಗೆ ವ್ಯಾನ್ ಬಂತು. ಎತ್ತುವವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಅಷ್ಟರಲ್ಲಿ ಎರಡನೆಯ ಡಿಸ್ಕಿಗೂ ಎಲ್ಲ ಇಳಿದಿತ್ತು.

"ಬೇಡ ಅತ್ತಿಗೆ," ಎಂದು ಮೈದುನ ತೆರೆಗೆ ಅಡ್ಡ ನಿಂತ.

"ನೋಡದೆ ಬಿಟ್ಟಿದ್ರೆ ನಿಮ್ಮಣ್ಣ ಸುಮ್ನಿರ್ತಿದ್ರಾ? ಸರಿ ಆಚೆ."

ಅವಳು ಕೊನೆಯ ಕ್ಲಿಪ್ ಒತ್ತಿದಳು. ಅದು ತೆರೆದುಕೊಂಡದ್ದೇ ಅವಳಿಗೆ ಆಶ್ಚರ್ಯ. ರೆಕಾರ್ಡಿಂಗ್ ಸರಿಯಾಗಿ ನಿಲ್ಲಿಸದಿದ್ದರೆ ಅವರ ಆ ಹಳೆಯ ಕ್ಯಾಮೆರಾ ಫೈಲು ಉಳಿಸುತ್ತಿರಲಿಲ್ಲ.

ಕುಣಿಯುವ ಜನ ಕಂಡರು. ತೆರೆ ಒಮ್ಮೆ ಅದುರಿತು. ಆಮೇಲೆ ನೆಲ ಅಡ್ಡಡ್ಡವಾಗಿ ನಿಂತಿತು, ಹಾಡು ಮುಂದುವರಿಯಿತು. ಮಬ್ಬಿನಲ್ಲಿ ಬೂಟುಗಳು ಸುತ್ತಿ ಹೋದವು. ಹತ್ತಿರದಲ್ಲೇ ಯಾರೋ ಕಷ್ಟಪಟ್ಟು ಉಸಿರೆಳೆಯುತ್ತಿದ್ದರು.

"ಇಷ್ಟು ಕತ್ತಲೆ ಯಾಕೋ? ಲೈಟ್ ಎಲ್ಲಿ?" ಎಂದು ಅವಳು ಮೈದುನನತ್ತ ತಿರುಗಿದಳು.

"ಊಟಕ್ಕೆ ಹೋಗಿದ್ದೆ, ಅತ್ತಿಗೆ," ಎಂದ ಮೈದುನ ನೆಲಕ್ಕೆ ಕುಸಿದು ಮುಖ ಮುಚ್ಚಿಕೊಂಡ. "ಅವನೇ ಹೋಗು ಅಂದ."

ಅವನನ್ನು ಕೊಂದುಬಿಡುವಷ್ಟು ಕೋಪ ಬಂತು ಅವಳಿಗೆ. ಅಯ್ಯೋ ಪಾಪ ಎಂದೂ ಅನ್ನಿಸಿತು.

"ಎತ್ತೋಣವೇನಮ್ಮ?" ಹಿಂದಿನಿಂದ ಯಾರೋ ಕೇಳಿದರು.

"ತಡೀರಿ. ಇನ್ನೂ ಮುಗಿದಿಲ್ಲ."

ತೆರೆಯ ಮೂಲೆಯಿಂದ ಒಂದು ಕೈ ನೆಲದ ಮೇಲೆ ತೆವಳಿಕೊಂಡು ಬಂತು. ಬೂಟೊಂದು ಅದರ ಪಕ್ಕದಲ್ಲೇ ನಿಂತಿತ್ತು. ಕೈ ಆ ಬೂಟನ್ನು ಹಿಡಿದೆಳೆಯಲಿಲ್ಲ. ಕ್ಯಾಮೆರಾದ ಮೈ ತಡವಿತು, ನಿಲ್ಲಿಸುವ ಗುಂಡಿ ಸಿಗದೆ ಜಾರಿತು, ಮತ್ತೆ ತಡವಿತು. ಹೆಬ್ಬೆರಳು ತೆರೆಯನ್ನೆಲ್ಲ ತುಂಬಿ, ಒತ್ತಿತು.