ಕ್ಯಾರೋಲ್ ಡಬ್ಬಿಯ ಕ್ಯಾಸೆಟ್ಟು

ಶಿವಾನಿಗೂ ಮರ್ಲಿನ್‌ಗೂ ಇಂಗ್ಲಿಷ್ ಹಾಡಿನ ಮಾತುಗಳು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಹಾಗಂತ ಭಕ್ತಿಗೇನೂ ಕೊರತೆಯಿರಲಿಲ್ಲ. ೧೯೯೮ರಲ್ಲಿ ರಾಮಕೃಷ್ಣನಗರದ ಕೇಬಲ್ ಟೀವಿಯಲ್ಲಿ ಬಿಳಿ ಪ್ಯಾಂಟಿನ ಐದು ಹುಡುಗರು ಎದೆಯ ಮೇಲೆ ಕೈಯಿಟ್ಟು ಹಾಡಲು ನಿಂತರೆ, ಒಂಬತ್ತನೇ ಕ್ಲಾಸಿನ ಈ ಇಬ್ಬರೂ ಊಟ ಬಿಟ್ಟು ಕೂರುತ್ತಿದ್ದರು. ಬಾಯಲ್ಲಿ ಹೊರಳದ ಹಾಡಿಗೆ ತಾವೇ ಒಂದು ಹೆಸರಿಡುತ್ತಿದ್ದರು: ಛತ್ರಿ ಹಾಡು, ಬಸ್‌ಸ್ಟ್ಯಾಂಡ್ ಹಾಡು, ಅಳುಮುಂಜಿ ಹಾಡು. ಹತ್ತು ಹಾಡು ಆರಿಸಿ ನಂಬರು ಕೊಡುವುದು ಅವರ ಪಾಲಿಗೆ ಪರೀಕ್ಷೆಗಿಂತ ದೊಡ್ಡ ವಿಷಯ.

ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಆ ಪಟ್ಟಿಯನ್ನು ರೇಡಿಯೋದವರ ಹಾಗೆ ಹೇಳಿ ರೆಕಾರ್ಡ್ ಮಾಡುವ ಹುಚ್ಚು ಹಿಡಿಯಿತು. ಮರ್ಲಿನ್ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಂದೆ ಜೋಸೆಫ್‌ರಾಜ್ ಮಸ್ಕತ್ತಿಗೆ ಕೆಲಸಕ್ಕೆ ಹೋಗಿ ಮೂರು ವರ್ಷದ ಹಿಂದೆ ಅಲ್ಲೇ ತೀರಿಕೊಂಡಿದ್ದರು. ತಾಯಿ ಮಾರ್ಗರೇಟ್ ಚರ್ಚಿನಲ್ಲಿ ಏನೋ ಸಭೆಯೆಂದು ಹೋಗಿದ್ದರು. ಖಾಲಿ ಕ್ಯಾಸೆಟ್ ಸಿಗಲಿಲ್ಲ. ಶಿವಾನಿ ಕಪಾಟಿನ ಹಿಂಬದಿಯಿಂದ ಕ್ರಿಸ್‌ಮಸ್ ಹಾಡುಗಳ, ಅಂದರೆ ಕ್ಯಾರೋಲ್‌ಗಳ, ಕ್ಯಾಸೆಟ್ ಡಬ್ಬಿಯೊಂದನ್ನು ಎಳೆದಳು.

“ಜೂನಲ್ಲಿ ಇದನ್ನ ಯಾರು ಕೇಳ್ತಾರೆ ಬುಡೇ,” ಎಂದಳು.

ಕ್ಯಾಸೆಟ್ಟಿನ ಅಂಚಿನ ಪುಟ್ಟ ಹಲ್ಲುಗಳನ್ನು ಯಾರೋ ಮುರಿದಿದ್ದರು. ಹಾಗೆ ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಆದರೆ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದರೆ ಆಗುತ್ತದೆ ಎಂಬ ವಿದ್ಯೆ ಆ ಕಾಲದ ಮಕ್ಕಳಿಗೆಲ್ಲ ಗೊತ್ತಿತ್ತು. ಅಂಟಿಸಿದರು. ಒಳಗಿರುವುದು ಕ್ಯಾರೋಲೇ ಹೌದೋ ಅಲ್ಲವೋ ಎಂದು ಅರ್ಧ ನಿಮಿಷ ಕೇಳಿ ನೋಡುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಹತ್ತನೇ ನಂಬರಿನಿಂದ ಶುರುಮಾಡಿ, ಒಂದನೇ ನಂಬರು ಛತ್ರಿ ಹಾಡೋ ಬಸ್‌ಸ್ಟ್ಯಾಂಡ್ ಹಾಡೋ ಎಂದು ಕಿತ್ತಾಡಿ, ಮರ್ಲಿನ್ ಕಿಸಕ್ಕನೆ ನಕ್ಕು ಸೋಲೊಪ್ಪುವವರೆಗೂ ಎಲ್ಲ ರೆಕಾರ್ಡ್ ಆಯಿತು.

ಕ್ಯಾಸೆಟ್ಟನ್ನು ಕೇಳಲೆಂದು ಶಿವಾನಿ ಪಕ್ಕದ ರಸ್ತೆಯ ತನ್ನ ಮನೆಗೆ ಒಯ್ದಳು. ಅವರ ಗಲಾಟೆ ಮುಗಿದು ಟಕ್ ಎಂದಿತು. ಆಮೇಲೆ ಒಬ್ಬ ಗಂಡಸಿನ ದನಿ.

“...ಮಗೂನ ಬಿಸಿಲಲ್ಲಿ ಆಡಕ್ಕೆ ಬಿಡಬೇಡ ಮಾರ್ಗರೇಟ್, ಮೂಗಲ್ಲಿ ರಕ್ತ ಬರತ್ತೆ. ನಂಗೆ ಇಲ್ಲಿ ಕೆಮ್ಮು ಕಮ್ಮಿಯಾಗಿದೆ...”

ಫೋನು ದುಬಾರಿಯೆಂದು ಗಲ್ಫಿನವರು ಕಾಗದದ ಬದಲು ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುತ್ತಿದ್ದ ಕಾಲ ಅದು. ಯಾರೂ ಮುಟ್ಟದಿರಲಿ ಎಂದೇ ಮಾರ್ಗರೇಟ್ ಗಂಡನ ಕೊನೆಯ ಕ್ಯಾಸೆಟ್ಟನ್ನು ಕ್ಯಾರೋಲ್ ಡಬ್ಬಿಯಲ್ಲಿ ಇಟ್ಟಿದ್ದರು. ಅಳಿಸಿಹೋಗದೆ ಇನ್ನೂ ನಾಲ್ಕು ನಿಮಿಷದ ಮಾತು ಉಳಿದಿತ್ತು. ಆಗಲೇ ತಂದುಕೊಟ್ಟು ನಾಲ್ಕು ಬೈಗುಳ ತಿಂದಿದ್ದರೆ ಆ ನಾಲ್ಕು ನಿಮಿಷವಾದರೂ ಉಳಿಯುತ್ತಿತ್ತು. ಶಿವಾನಿ ಹೆದರಿದಳು. ಮರುದಿನ ಬೆಳಿಗ್ಗೆ ಟೇಪೆಲ್ಲ ಎಳೆದು ಮುದ್ದೆ ಮಾಡಿ ಬಚ್ಚಲೊಲೆಗೆ ತುರುಕಿದಳು. ಹದಿನಾಲ್ಕು ವರ್ಷದ ಹುಡುಗಿಯೆಂದು ಇದನ್ನು ಬೇಕಾದರೆ ಕ್ಷಮಿಸೋಣ. ಆಮೇಲಿನದಕ್ಕೆ ಆ ನೆಪವೂ ಸಾಲದು.

ಜುಲೈನಲ್ಲಿ, ಗಂಡ ತೀರಿಕೊಂಡಿದ್ದ ತಾರೀಖಿನಂದು, ಮಾರ್ಗರೇಟ್ ಡಬ್ಬಿ ತೆರೆದರು. ಪ್ರತಿವರ್ಷ ಅವತ್ತು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೇಳುತ್ತಿದ್ದರು. ಡಬ್ಬಿ ಖಾಲಿ. ಮರ್ಲಿನ್ ಶಿವಾನಿಯ ಮನೆಗೆ ಓಡಿಬಂದಳು.

“ಅದು ಪಪ್ಪನ ಕ್ಯಾಸೆಟ್ಟಂತೆ ಕಣೇ! ಎಲ್ಲಿಟ್ಟಿದೀಯ?”

“ಮಾರನೇ ದಿನಾನೇ ನಿಮ್ಮನೆ ಟೇಬಲ್ ಮೇಲೆ ಇಟ್ಟು ಬಂದ್ನಲ್ಲೇ,” ಎಂದಳು ಶಿವಾನಿ, ಕಣ್ಣು ಮಿಟುಕಿಸದೆ.

ಮರ್ಲಿನ್ ನಂಬಿದಳು. ತಾನೇ ಎಲ್ಲೋ ಕಳೆದೆನೆಂದುಕೊಂಡು ಮಂಚದ ಕೆಳಗೆ, ಅಟ್ಟದಲ್ಲಿ, ಹಳೇ ಪೇಪರಿನ ಕಟ್ಟಿನಲ್ಲಿ ತಡಕಿದಳು. ರೆಕಾರ್ಡ್ ಮಾಡಿದ್ದು ನಾನೊಬ್ಬಳೇ ಎಂದು ತಾಯಿಗೆ ಹೇಳಿ, ಮರದ ಸ್ಕೇಲಿನಲ್ಲಿ ಏಟು ತಿಂದಳು. ಮೂರು ತಿಂಗಳು ಮಾರ್ಗರೇಟ್ ಮಗಳ ಹತ್ತಿರ ಮಾತಾಡಲಿಲ್ಲ. ಆಮೇಲೂ ಹಾಡುಗಳ ಪಟ್ಟಿ ವರ್ಷವರ್ಷ ನಡೆಯಿತು, ನೋಟ್‌ಬುಕ್ಕಿನಲ್ಲಿ ಮಾತ್ರ. ಟೇಪ್‌ರೆಕಾರ್ಡರನ್ನು ಮರ್ಲಿನ್ ಮತ್ತೆ ಮುಟ್ಟಲೇ ಇಲ್ಲ.

೨೦೦೩ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಮರ್ಲಿನ್ ಮಿದುಳು ಜ್ವರ ಬಂದು ನಾಲ್ಕೇ ದಿನದಲ್ಲಿ ಹೋದಳು.

ಚರ್ಚಿನಲ್ಲಿ ಮೂವತ್ತನೇ ದಿನದ ಪೂಜೆ ಮುಗಿಸಿ ಬಂದ ಮಧ್ಯಾಹ್ನ ಮಾರ್ಗರೇಟ್ ಶಿವಾನಿಯನ್ನು ಕರೆಸಿದರು. ಕಾಫಿ ತಂದಿಟ್ಟು ಎದುರು ಕೂತರು.

“ನಾನೊಬ್ಳೇ ಮಾಡಿದ್ದು ಅಂದಿದ್ಲು. ಅಂಥಾ ಆಟ ಒಬ್ಳೇ ಆಡ್ತಾರೇನಮ್ಮ? ನೀನೂ ಇದ್ದಿರ್ತೀಯ. ನಿಮ್ಮನೇಲೂ ಒಂದ್ಸಲ ಹುಡುಕ್ತೀಯಾ? ಅವರ ದನಿಗಲ್ಲ ಕಣಮ್ಮ, ಅವರದು ಹೋಯ್ತು. ಇವಳ ದನಿ ಇರೋದು ಅದೊಂದ್ರಲ್ಲೇ.”

ಶಿವಾನಿ, ಹುಡುಕುತ್ತೇನೆ ಆಂಟಿ ಎಂದು ಎದ್ದುಬಿಡಬಹುದಿತ್ತು. ಈ ಹೆಂಗಸು ಸಾಯುವವರೆಗೂ ಕಾಯುತ್ತಿದ್ದರು. ಅದನ್ನು ನೆನೆದೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬಚ್ಚಲೊಲೆಯವರೆಗಿನದನ್ನೂ, ಉಳಿದಿದ್ದ ನಾಲ್ಕು ನಿಮಿಷವನ್ನೂ, ಹೇಳಿದ ಸುಳ್ಳನ್ನೂ ಒಂದೂ ಬಿಡದೆ ಹೇಳಿದಳು.

ಮಾರ್ಗರೇಟ್ ಎಲ್ಲವನ್ನೂ ಕೇಳಿಸಿಕೊಂಡರು.

“ಅವಳಿಗೆ ಇದು ಗೊತ್ತಿತ್ತಾ?”

“ಇಲ್ಲ ಆಂಟಿ. ತಾನೇ ಕಳೆದ್ಬುಟ್ಟೆ ಅಂದ್ಕೊಂಡಿದ್ಲು.”

“ಕೊನೇವರ್ಗೂ?”

“ಹೂಂ.”

ಮಾರ್ಗರೇಟ್ ತಲೆಯಾಡಿಸಿದರು. “ಜ್ವರದಲ್ಲಿ ಆಸ್ಪತ್ರೆ ಹಾಸಿಗೆಯೆಲ್ಲ ತಡಕ್ತಿದ್ಲು. ದಿಂಬು ಎತ್ತಿ ನೋಡೋಳು, ನರ್ಸಮ್ಮನ ಕೈ ಹಿಡ್ಕೊಂಡು ಕೇಳೋಳು. ಸಿಗತ್ತೆ ಮಮ್ಮಿ, ಇಲ್ಲೇ ಇಟ್ಟಿದ್ದೆ, ಹೊಡೀಬೇಡ ಅನ್ನೋಳು. ಏನು ಹುಡುಕ್ತಿದಾಳೆ ಅಂತ ನಂಗೆ ತಿಳೀಲಿಲ್ಲ.”

ಶಿವಾನಿ ಅವರ ಕಾಲು ಹಿಡಿಯಲು ಬಗ್ಗಿದಳು. ಮಾರ್ಗರೇಟ್ ಕಾಲು ಹಿಂದಕ್ಕೆಳೆದುಕೊಂಡರು.

“ಕಾಫಿ ಆರೋಗ್ತಾ ಇದೆ, ಕುಡಿದು ಹೋಗು,” ಎಂದರು. “ಇನ್ಮೇಲೆ ಬರಬೇಡ.”