ಹಗೇವು ಮುಚ್ಚಿದ ದಿನ

ಎರಡನೆಯ ಬುಟ್ಟಿ ಗರಸು ಮಣ್ಣು ಅಂಗಳದ ಹಗೇವಿನ ಗುಂಡಿಯೊಳಗೆ ಬಿದ್ದ ಸದ್ದಿಗೆ ಸಾತವ್ವ ಪಡಸಾಲೆಯಿಂದ ಓಡಿಬಂದಳು. "ಒಳಗ ರಾಚಪ್ಪ ಅದಾನ್ರೋ! ಜೀವಂತ ಇರೂ ಹುಡುಗಗ ಮಣ್ಣ ಕೊಡಾಕತ್ತೀರೇನು? ನಿಮ್ಮ ಕೈಗೆ ಹುಳಾ ಬೀಳ್ಲಿ!"

ಗುಂಡಿ ತುಂಬಲು ಕೂಲಿಗೆ ಬಂದಿದ್ದ ಯಾಕೂಬಸಾಬ ಬುಟ್ಟಿ ಇಳಿಸಿದ. ಮಡಿವಾಳಪ್ಪ ಮಾಸ್ತರರು ತಾಯಿಯ ರಟ್ಟೆ ಹಿಡಿದುಕೊಂಡರು.

ರಾಚಪ್ಪ ಆಕೆಯ ತಮ್ಮ. ಸಿಂದಗಿಯ ತವರಿನಲ್ಲಿ, ನೆಲದಡಿಯ ಹಗೇವಿನಿಂದ ಜೋಳ ತೆಗೆಯಲೆಂದು, ದೀಪ ಇಳಿಬಿಟ್ಟು ನೋಡದೆಯೇ ಇಳಿಸಿದ ಎಂಟು ವರ್ಷದ ಹುಡುಗ. ಒಳಗಿನ ಕೆಟ್ಟ ಗಾಳಿ ಅವನನ್ನು ಮೇಲೆ ಬಿಡಲಿಲ್ಲ. ಹಗ್ಗ ಹಿಡಿದವಳು ಹತ್ತು ವರ್ಷದ ಸಾತವ್ವ. ಅದಾಗಿ ಅರವತ್ತೈದು ವರ್ಷ. ಇದು ನಾಲತವಾಡದ ಗಂಡನ ಮನೆಯ ಹಗೇವು, ಎಷ್ಟೋ ಸುಗ್ಗಿಗಳಿಂದ ಬರಿದು. ಅರಿವು ಮಾಸಿದ ಆಕೆಗೆ ಈಗ ಎರಡೂ ಒಂದೇ. ಈ ವಾರ ಎರಡು ಸಲ ಬಾಯಿಯ ಚಪ್ಪಡಿ ಸರಿಸಿ, ಎರಡಾಳು ಆಳದೊಳಗೆ ಕಾಲು ಇಳಿಬಿಟ್ಟು ಕುಳಿತು ತಮ್ಮನನ್ನು ಕರೆದಿದ್ದಳು. ಅದಕ್ಕೇ ಮಾಸ್ತರರು ಅದನ್ನು ಮುಚ್ಚಿಸತೊಡಗಿದ್ದರು.

"ನಾ ಮೊದಲ ಹೇಳಿದ್ನಿಲ್ಲೊ ಮಾಸ್ತರ," ಎಂದ ಕಟ್ಟೆಯ ಮೇಲಿದ್ದ ಕಾಕಾ ಪರಪ್ಪ. "ಎಮ್ಮಿ ಸರಪಳಿ ಐತಿ. ಕಂಬಕ್ಕ ಬಿಗದಬಿಡು. ಗರಸೂ ಉಳೀತೈತಿ, ಮುದುಕೀನೂ ಉಳೀತಾಳ."

"ಕಾಕಾ, ನಿಮ್ಮನ್ನ ಎತ್ತಿ ಆಡಿಸಿದ ಕೈ ಅವು. ಸರಪಳಿ ಹಾಕೂದಿದ್ರ ಮೊದಲ ನನ್ನ ಕಾಲಿಗೆ ಹಾಕ್ರಿ."

ಹೊಲದಿಂದ ಬಂದ ಎತ್ತಿನ ಹಗ್ಗ ಬಿಚ್ಚಿ ನೀರು ಕುಡಿಸುವ ಜನ, ಬುದ್ಧಿ ದಣಿದ ಜೀವಕ್ಕೆ ಸರಪಳಿ ಹುಡುಕುವುದು ಯಾವ ಧರ್ಮ?

"ಮಡಿವಾಳಾ, ನೀನರ ಹೇಳಪಾ," ಎಂದು ಸಾತವ್ವ ಮಗನ ಗದ್ದ ಹಿಡಿದಳು. "ನಿನ್ನ ಸೋದರಮಾವ ಒಳಗ ಅದಾನ."

"ಯವ್ವಾ, ಮಾವ ಸತ್ತು ಅರವತ್ತೈದ ವರ್ಷ ಆತು."

ನಿಜವನ್ನೇ ಹೇಳಿದ್ದರು. ಆ ಗಳಿಗೆಯಲ್ಲಿ ಆಕೆ ತಮ್ಮನನ್ನು ಹೊಸದಾಗಿ ಕಳೆದುಕೊಂಡಳು. ಎದೆ ಬಡಿದುಕೊಂಡ ಸದ್ದು ಓಣಿಗೆಲ್ಲ ಕೇಳಿತು. ಮರುಗಳಿಗೆ ಅದೂ ಮರೆತುಹೋಗಿ, ಮತ್ತೆ ಹಗೇವಿನತ್ತ ತಿರುಗಿದಳು. "ರಾಚಪ್ಪಾ!"

ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು, ಸುಳ್ಳಾಡುವ ನಾಲಗೆ ಅನ್ನಕ್ಕೆ ಯೋಗ್ಯವಲ್ಲವೆಂದು ಕಲಿಸಿದವರು ಮಾಸ್ತರರು. ಅಂಗಿ ಕಳಚಿದರು. ಕಂದೀಲು ಇಳಿಬಿಟ್ಟು, ಅದು ಆರದಿರುವುದನ್ನು ನೋಡಿ, ನಡುವಿಗೆ ಹಗ್ಗ ಕಟ್ಟಿಕೊಂಡು ತುದಿಯನ್ನು ಯಾಕೂಬಸಾಬನಿಗೆ ಕೊಟ್ಟರು.

"ಇದೇನ್ರಿ ಮಾಸ್ತರ, ನಿಮಗೂ ಹುಚ್ಚ ಹತ್ತಿತೇನು?"

"ಗಟ್ಟಿ ಹಿಡಿ, ಸಾಬಾ."

ತಳದಲ್ಲಿ ಹಳೆಯ ಜೋಳದ ಮುಗ್ಗಲು ವಾಸನೆ. ಮೇಲೆ ಗುಂಡಗಿನ ಬಿಸಿಲು, ಅದರೊಳಗೆ ತಾಯಿಯ ಮುಖ.

"ರಾಚಪ್ಪಾ, ಅದೀಯೇನೋ?"

ಮಾಸ್ತರರು ಮುಖ ಮೇಲೆತ್ತಿದರು. "ಅದೀನಿ ಅಕ್ಕಾ. ಜಗ್ಗು."

ಯಾಕೂಬಸಾಬನ ಕೈಗಳ ಪಕ್ಕದಲ್ಲಿ ಆಕೆಯ ಕೈಗಳೂ ಹಗ್ಗಕ್ಕೆ ಬಿದ್ದವು. ಪರಪ್ಪನೂ ಕಟ್ಟೆಯಿಂದ ಇಳಿದು ಬಂದು ಜಗ್ಗಿದ.

ಮೇಲೆ ಬಂದವರ ಮುಖದ ಮಣ್ಣನ್ನು ಆಕೆ ಸೆರಗಿನಿಂದ ಒರೆಸಿದಳು. "ಎಷ್ಟ ಹೊತ್ತ ಮಾಡಿದ್ಯೋ! ತಲಿ ಬೆಳ್ಳಗಾಗೇತಿ. ಒಳಗ ಇನ್ನ ಯಾರರ ಅದಾರೇನು?"

"ಯಾರೂ ಇಲ್ಲ."

"ಹಂಗಾರ ಮುಚ್ಚ್ರಿ."

ಸಂಜೆಯ ಹೊತ್ತಿಗೆ ಅಂಗಳ ಸಮನಾಗಿತ್ತು. ಹೊಸ್ತಿಲ ಬಳಿ ತಮ್ಮನ ಕೈ ಬಿಡದೆ ಸಾತವ್ವ ಕುಳಿತಿದ್ದಳು. ಮಾಸ್ತರರು ಬಾಗಿಲು ಹಾಕಲು ಎದ್ದರು.

"ಹಾಕಬ್ಯಾಡೋ ರಾಚಪ್ಪಾ. ನನ್ನ ಮಡಿವಾಳ ಇನ್ನ ಸಾಲಿಯಿಂದ ಬಂದಿಲ್ಲ."

ಓಣಿಯಲ್ಲಿ ಯಾರೂ ಇರಲಿಲ್ಲ. ಮಾಸ್ತರರು ಆಕೆಯ ಪಕ್ಕದಲ್ಲಿ ಮತ್ತೆ ಕುಳಿತು, ಆಕೆ ನೋಡುತ್ತಿದ್ದ ತಿರುವನ್ನೇ ನೋಡತೊಡಗಿದರು.