ಆರಿಸಬಾರದ ಪೆಟ್ಟಿಗೆ

ಹೆಣ ಇಡುವ ಐಸ್ ಪೆಟ್ಟಿಗೆ ತಂದವನು ಸ್ಟೂಲಿನ ಮೇಲಿದ್ದ ಡಬ್ಬಿಯ ಪ್ಲಗ್ಗಿಗೆ ಕೈ ಹಾಕುವುದಕ್ಕೂ ತಂಗಿ ಅವನ ಮಣಿಕಟ್ಟು ಹಿಡಿಯುವುದಕ್ಕೂ ಸರಿಹೋಯಿತು.

“ಅದನ್ನ ಕೀಳಬೇಡಿ.”

“ಎರಡೂ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹಾರತ್ತಮ್ಮ. ಈ ಮನೆ ವೈರಿಂಗು ನಮ್ಮ ತಾತನ ಕಾಲದ್ದು.”

ಚಿಕ್ಕಣ್ಣ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿ, ಊರಿಗೆ ಊರನ್ನೇ ಮೇಲೆ ಕೆಳಗೆ ಓಡಾಡಿಸಿದವನನ್ನು ನೋಡಲು ಮೆಟ್ಟಿಲು ಹತ್ತಿ ಬಂದವರು ಬೆರಳೆಣಿಕೆಯಷ್ಟು ಜನ. ದೊಡ್ಡಣ್ಣನ ರೈಲು ಬರುವುದು ಸಂಜೆಗೆ. ಬಿಸಿಲು ಆಗಲೇ ಕಿಟಕಿಯೊಳಗೆ ಕಾಲಿಟ್ಟಿತ್ತು.

“ನನ್ನ ಅಂಗಡಿಯಿಂದ ವೈರ್ ಎಳೆಯೋಣ ಅಂದ್ರೆ ನಡುವೆ ಬಸ್ಸು ಓಡಾಡತ್ತೆ,” ಎಂದ ಎದುರು ರಸ್ತೆಯ ಟೈಲರ್. “ಡಬ್ಬಿ ಆರಿಸಿಬಿಡು ತಾಯಿ, ಈ ಬಿಸಿಲಲ್ಲಿ ಐಸಿಲ್ಲದೆ ಸಂಜೆವರೆಗೆ ಇಡಕ್ಕಾಗಲ್ಲ. ಒಡಹುಟ್ಟಿದವನು ಕೊನೇ ಸಲ ಮುಖ ನೋಡೋದು ಬೇಡ್ವಾ?”

ಸ್ಟೂಲಿನ ಮೇಲಿನ ಪೆಟ್ಟಿಗೆ ಯಾರ ಗೊಡವೆಯೂ ಇಲ್ಲದೆ ಗುಂಯ್ ಎನ್ನುತ್ತಿತ್ತು.

*

ಹಳೆಯ ಕಂಪ್ಯೂಟರುಗಳ ಕೈಕಾಲು ಜೋಡಿಸಿ ಚಿಕ್ಕಣ್ಣನೇ ಕಟ್ಟಿದ ಸರ್ವರ್ ಅದು. ದೊಡ್ಡಣ್ಣ ಬಂದಾಗೆಲ್ಲ ಬೈಯುತ್ತಿದ್ದ.

“ಎಲ್ಲಾನೂ ಕ್ಲೌಡಿಗೆ ಹಾಕೋ. ಮನೆಗೆ ಬೆಂಕಿ ಬಿದ್ರೂ ಉಳಿಯತ್ತೆ.”

“ಮೂವತ್ತನೇ ಅಂತಸ್ತಲ್ಲಿ ಲಿಫ್ಟಿನ ನೆತ್ತಿ ಮೇಲೆ ನಿಂತು ನೋಡಿದೀನಣ್ಣ. ಮೋಡ ಕೈಗೆ ಸಿಕ್ತು, ಒಳಗೆ ಒಂದು ಶೆಲ್ಫೂ ಇರಲಿಲ್ಲ.”

ದೊಡ್ಡಣ್ಣ ನಗುತ್ತ ಟ್ಯಾಕ್ಸಿ ಹತ್ತಲು ಕೆಳಗಿಳಿದ ಮೇಲೆ ತಂಗಿ ಕೇಳಿದ್ದಳು, “ನಿಜ ಹೇಳು, ಏನಿದೆ ಅದ್ರಲ್ಲಿ?”

“ನೀವಿಬ್ರೂ ನಂಗೆ ಮಾಡಿದ ಫೋನುಗಳು. ಮಾತಾಡಿದ್ದೆಲ್ಲ ರೆಕಾರ್ಡ್ ಮಾಡಿ ಇಟ್ಕೊಂಡಿದೀನಿ.”

“ಕ್ಲೌಡಲ್ಲೂ ಇಡಬಹುದಲ್ಲ?”

“ಅಲ್ಲಿಟ್ರೆ ಸದ್ದು ಇರಲ್ವಲ್ಲೇ. ಇದು ಗುಂಯ್ ಅಂತಿದ್ರೆ ಮನೇಲಿ ಇನ್ನೊಬ್ರು ಮಲಗಿದ್ದಂಗಿರತ್ತೆ.” ಅವನು ಪೆಟ್ಟಿಗೆಯ ಧೂಳು ಒರೆಸಿದ. “ಡಿಸ್ಕಿಗೆ ವಯಸ್ಸಾಯ್ತು. ಒಂದ್ಸಲ ನಿಂತ್ರೆ ಮತ್ತೆ ತಿರುಗಲ್ಲ. ಆರಿಸಬೇಡ ಆಯ್ತಾ.”

*

ತಂಗಿ ಐಸ್ ಪೆಟ್ಟಿಗೆಯನ್ನು ನೋಡಿದಳು, ಸ್ಟೂಲಿನ ಮೇಲಿನದನ್ನು ನೋಡಿದಳು.

“ಕಾಯೋದು ಬೇಡ. ಈಗಲೇ ಸ್ಮಶಾನಕ್ಕೆ ತಗೊಂಡ್ಹೋಗೋಣ.”

“ಹುಚ್ಚು ಹಿಡೀತಾ?” ಎಂದ ಟೈಲರ್. “ನಿಮ್ಮಣ್ಣ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ.”

“ನೋಡದಿದ್ರೆ ಇಲ್ಲ. ಹೆಗಲು ಕೊಡ್ತೀಯೋ, ಅದಕ್ಕೂ ನಾನೇ ಬರಲೋ?”

*

ಸಂಜೆ ದೊಡ್ಡಣ್ಣ ಬಂದಾಗ ಮನೆಯಲ್ಲಿ ತಂಗಿಯೊಬ್ಬಳೇ ಇದ್ದಳು. ಅವನ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

“ಒಂದು ಡಬ್ಬಿಗೋಸ್ಕರ ನನಗೆ ಅವನ ಮುಖ ತಪ್ಪಿಸಿದೆಯಂತೆ.”

“ತಪ್ಪಿಸಿದೆ.”

“ಅಂಥಾದ್ದೇನಿದೆ ಅದ್ರಲ್ಲಿ?”

ತಂಗಿ ಪೆಟ್ಟಿಗೆಗೆ ಜೋಡಿಸಿದ್ದ ಟಿವಿ ಹಾಕಿದಳು. ಪರದೆಯ ಮೇಲೆ ಅವಳ ಹೆಸರು, ಅವನ ಹೆಸರು. ಅವಳದ್ದರ ಕೆಳಗೆ ಕರೆಗಳ ಉದ್ದನೆ ಸಾಲು. ಅವನದ್ದರ ಕೆಳಗೆ ಚಿಕ್ಕದು. ಅದರಲ್ಲಿ ಕೊನೆಯದನ್ನು ಒತ್ತಿದಳು.

“ಹಲೋ, ಊಟ ಆಯ್ತೇನೋ? ಸರಿ ಸರಿ, ಮೀಟಿಂಗಿದೆ. ಆಮೇಲೆ ಮಾಡ್ತೀನಿ.” ದೊಡ್ಡಣ್ಣನದೇ ದನಿ.

“ಇಡಬೇಡ ತಡಿ ಅಣ್ಣಾ, ಒಂದು ಮಾತು—”

ಚಿಕ್ಕಣ್ಣನ ದನಿ ಅಲ್ಲಿಗೇ ಮುಗಿದಿತ್ತು.

“ಏನಂತೆ ಆ ಮಾತು?” ದೊಡ್ಡಣ್ಣ ಕೇಳಿದ.

“ನಂಗೂ ಹೇಳಲಿಲ್ಲ. ಇದನ್ನ ಮಾತ್ರ ದಿನಾ ಹಾಕ್ಕೊಂಡು ಕೇಳ್ತಿದ್ದ.”

ದೊಡ್ಡಣ್ಣ ಬ್ಯಾಗು ಕೆಳಗಿಳಿಸಿದ. ಸ್ಟೂಲಿನ ಪಕ್ಕ ನೆಲಕ್ಕೆ ಕೂತು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಕತ್ತಲಾಯಿತು, ಅವನು ಕೈ ತೆಗೆಯಲಿಲ್ಲ, ಅವಳು ದೀಪ ಹಾಕಲಿಲ್ಲ.